ಮೊದಲ ಪ್ರೂಫಿಗೆ ಹೆದರಬೇಡಿ

(ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಕಾಲೇಜು ಸೇರಿದ ವಿದ್ಯಾರ್ಥಿಗಳ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಈ ವೇದಿಕೆಯ ಮೇಲೆ ಕೂತವರಲ್ಲಿ ಅತಿ ಕಡಿಮೆ ಓದಿದವನು ನಾನೇ. ನನ್ನದು ಬರೀ ಪಿಯುಸಿ. ಅದೂ ಒಂದೇ ಸಲಕ್ಕೆ ದಕ್ಕಿದ್ದಲ್ಲ. ಸಂಘದ ಹುಡುಗರು ನಮ್ಮ ಪ್ರೆಸ್ಸಿಗೆ ಬಂದು, ‘ಸಾರ್, ಚೆನ್ನಾಗಿ ಓದುವುದು ಹೇಗೆ ಅಂತ ನೀವು ಮಾತಾಡಬೇಕು’ ಅಂದಾಗ ನನಗೇ ನಗು ಬಂತು. ‘ಅಪ್ಪಾ, ನಾನು ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಅಚ್ಚು ಹಾಕುವವನು. ರ‍್ಯಾಂಕ್ ಬಂದವರನ್ನು ಕರೀರಿ’ ಅಂದೆ. ಅವರು ಬಿಡಲಿಲ್ಲ. ‘ರ‍್ಯಾಂಕ್ ಬಂದವರು ಗೆದ್ದದ್ದು ಹೇಳ್ತಾರೆ. ನೀವು ಎಲ್ಲಿ ಎಡವಿದಿರಿ ಅಂತ ಹೇಳಿ, ನಮಗೆ ಅದೇ ಬೇಕು’ ಅಂದರು.

ಆ ಮಾತು ನನಗೆ ನಾಟಿತು. ಅದಕ್ಕೇ ಬಂದಿದ್ದೇನೆ. ನಾನು ಎಡವಿದ ಕಲ್ಲು ಎಲ್ಲಿದೆ ಅಂತ ತೋರಿಸಿಬಿಡುತ್ತೇನೆ. ನೀವು ಪಕ್ಕಕ್ಕೆ ಸರಿದು ಹೋಗಿ. ಅಷ್ಟಾದರೆ ಸಾಕು.

ಇಸವಿ 1995. ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೆ. ನಮ್ಮಪ್ಪ ಪ್ರೆಸ್ಸಿಗೆ ಬಂದವರಿಗೆಲ್ಲ ಪೇಡ ಹಂಚಿದ್ದರು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡೆ. ಮೊದಲ ದಿನ ಭೌತಶಾಸ್ತ್ರದ ತರಗತಿ. ಮೇಷ್ಟರು ಬಂದರು, ಇಂಗ್ಲಿಷಿನಲ್ಲಿ ಶುರು ಮಾಡಿದರು, ಗಂಟೆ ಹೊಡೆದ ಮೇಲೆ ಹೋದರು. ಐವತ್ತು ನಿಮಿಷದಲ್ಲಿ ನನಗೆ ಅರ್ಥವಾಗಿದ್ದು ಹಾಜರಿ ಕರೆದಾಗ ಬಂದ ನನ್ನ ಹೆಸರು ಮಾತ್ರ!

ಒಂದು ವಾರ ಬಿಟ್ಟು ಧೈರ್ಯ ಮಾಡಿ ಎದ್ದು ನಿಂತು ಕನ್ನಡದಲ್ಲೇ ಒಂದು ಪ್ರಶ್ನೆ ಕೇಳಿದೆ. ಮೇಷ್ಟರು ನಕ್ಕರು. ಅವರು ನಕ್ಕಿದ್ದಕ್ಕೆ ಇಡೀ ಕ್ಲಾಸು ನಕ್ಕಿತು. ಮರುದಿನದಿಂದ ನಾನು ಕೊನೇ ಬೆಂಚು. ಆಮೇಲೆ ಎರಡು ವರ್ಷ ಬಾಯಿ ಬಿಡಲಿಲ್ಲ. ಬೋರ್ಡಿನ ಮೇಲಿದ್ದುದನ್ನು ಹಾಗೇ ಬರೆದುಕೊಂಡೆ, ಮನೆಯಲ್ಲಿ ಕೂತು ಅದನ್ನೇ ಗಟ್ಟಿ ಹೊಡೆದೆ. 1997ರಲ್ಲಿ ಫಲಿತಾಂಶ ಬಂತು. ಭೌತಶಾಸ್ತ್ರ 24, ಗಣಿತ 19. ಎರಡರಲ್ಲೂ ಡುಮ್ಕಿ. ಮುಂದಿನ ಸಲ ಕಟ್ಟಿ ಹೇಗೋ ಪಾಸು ಮಾಡಿಕೊಂಡೆ. ಆದರೆ ಅಷ್ಟರಲ್ಲಿ ಓದಿನ ಮೇಲಿನ ಆಸೆಯೇ ಸತ್ತುಹೋಗಿತ್ತು. ಪ್ರೆಸ್ಸಿನಲ್ಲಿ ಕೂತೆ.

ನಾನು ದಡ್ಡನಾಗಿದ್ದೆನೇ? ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಈಗ ಹೇಳುತ್ತೇನೆ, ಇಲ್ಲ. ನನಗೆ ಬುದ್ಧಿ ಕಡಿಮೆ ಇರಲಿಲ್ಲ. ಓದುವ ರೀತಿ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೀಳರಿಮೆ ಅನ್ನುವ ರೋಗ ಹಿಡಿದಿತ್ತು. ಆ ರೋಗಕ್ಕೆ ಮೊದಲು ಮದ್ದು ಮಾಡೋಣ.

ನೀವು ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ್ದೀರಿ. ಬಲ ಎಂದರೆ ಗೊತ್ತು. ಘರ್ಷಣೆ ಎಂದರೆ ಗೊತ್ತು. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಬಾಗುತ್ತದೆ, ಅದು ವಕ್ರೀಭವನ ಅಂತ ಗೊತ್ತು. ಕಾಲೇಜಿನಲ್ಲಿ ಅದೇ ಬೆಳಕು, ಅದೇ ನೀರು. ಹೆಸರು ಮಾತ್ರ ರಿಫ್ರಾಕ್ಷನ್. ಗೊತ್ತಿರುವ ಮನುಷ್ಯ ಬೇರೆ ಅಂಗಿ ಹಾಕಿಕೊಂಡು ಬಂದರೆ ಅವನನ್ನು ಅಪರಿಚಿತ ಅಂತ ಬಾಗಿಲು ಹಾಕುತ್ತೀರಾ? ನಾನು ಹಾಕಿದೆ. ಗೊತ್ತಿದ್ದ ವಿಷಯಗಳನ್ನೆಲ್ಲ ಹೊಸದು ಅಂದುಕೊಂಡು ಹೆದರಿದೆ.

ಅದಕ್ಕೆ ಮೊದಲ ಅಭ್ಯಾಸ. ಒಂದು ಇನ್ನೂರು ಪುಟದ ನೋಟ್ ಬುಕ್ ತನ್ನಿ. ಪುಟದ ನಡುವೆ ಗೆರೆ ಹಾಕಿ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನೀವು ಶಾಲೆಯಲ್ಲಿ ಕಲಿತ ಕನ್ನಡ ಪದ. ಆಕ್ಸಿಲರೇಷನ್, ವೇಗೋತ್ಕರ್ಷ. ಫೋಟೋಸಿಂಥೆಸಿಸ್, ದ್ಯುತಿಸಂಶ್ಲೇಷಣೆ. ಪ್ರೋಗ್ರೆಷನ್, ಶ್ರೇಢಿ. ಟ್ರಿಗನಾಮೆಟ್ರಿ, ತ್ರಿಕೋನಮಿತಿ. ಕೆಳಗೆ ನಿಮ್ಮ ಮಾತಿನಲ್ಲಿ ಒಂದು ಸಾಲು ಅರ್ಥ. ದಿನಕ್ಕೆ ಹತ್ತು ಪದ ಸಾಕು. ನೂರು ದಿನಕ್ಕೆ ಸಾವಿರ ಪದವಾಯಿತು. ಒಂದು ತರಗತಿಯಲ್ಲಿ ಮೇಷ್ಟರು ಬಳಸುವ ಪಾರಿಭಾಷಿಕ ಪದಗಳು ತಿರುಗಾಮುರುಗಾ ಅವೇ. ಎರಡು ಮೂರು ತಿಂಗಳಲ್ಲಿ ಕಿವಿ ಪಳಗುತ್ತದೆ. ಹಳೆಯ ಹತ್ತನೇ ತರಗತಿ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಅವೇ ನಿಮ್ಮ ನಿಘಂಟು.

ಯೋಚನೆಯನ್ನು ಮಾತ್ರ ಕನ್ನಡದಲ್ಲೇ ಮಾಡಿ. ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಇದನ್ನು ಅಭಿಮಾನಕ್ಕೆ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಅರ್ಥವಾಗದ್ದನ್ನು ಅರ್ಥವಾಗದ ಭಾಷೆಯಲ್ಲಿ ಗಟ್ಟಿ ಹೊಡೆದರೆ ಪರೀಕ್ಷೆಯಲ್ಲಿ ಒಂದು ಪದ ತಪ್ಪಿದ ಕೂಡಲೇ ಇಡೀ ಉತ್ತರ ಕುಸಿದುಬೀಳುತ್ತದೆ. ನನಗೆ ಆದದ್ದು ಅದೇ.

ಎರಡನೇ ಮಾತು, ಪ್ರಶ್ನೆ ಕೇಳುವುದು. ನಗುತ್ತಾರೆ ಅನ್ನುವ ಭಯ ಇದೆಯಲ್ಲ, ಅದು ದೊಡ್ಡ ಕಳ್ಳ. ನನ್ನಿಂದ ಎರಡು ವರ್ಷ ಕದ್ದಿತು. ಆ ಮೇಷ್ಟರು ನಕ್ಕಿದ್ದು ತಪ್ಪು. ಅದನ್ನು ಈಗಲೂ ಹೇಳುತ್ತೇನೆ. ಕನ್ನಡ ನಾಡಿನಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಿದ ಹುಡುಗನನ್ನು ನೋಡಿ ನಗುವುದು ಮೇಷ್ಟರಿಗೆ ಶೋಭೆಯಲ್ಲ. ಆದರೆ ಒಬ್ಬರು ನಕ್ಕರು ಅಂತ ಎರಡು ವರ್ಷ ಬಾಯಿ ಮುಚ್ಚಿದ ತಪ್ಪು ಯಾರದು? ಅದು ನನ್ನದೇ.

ಮೊದಲ ಎರಡು ಬೆಂಚಿನಲ್ಲಿ ಕೂತುಕೊಳ್ಳಿ. ಮುಂದೆ ಕೂತವನಿಗೆ ಬೋರ್ಡು ಕಾಣುತ್ತದೆ, ಮೇಷ್ಟರ ಮಾತು ಕೇಳುತ್ತದೆ, ನಿದ್ದೆ ಬರುವುದಿಲ್ಲ, ಮೊಬೈಲ್ ತೆಗೆಯುವ ಧೈರ್ಯವೂ ಬರುವುದಿಲ್ಲ. ತುಂಬಿದ ಕ್ಲಾಸಿನಲ್ಲಿ ಕೇಳಲು ಸಂಕೋಚವಾದರೆ, ಮುಗಿದ ಮೇಲೆ ಮೇಷ್ಟರ ಜೊತೆ ಸ್ಟಾಫ್ ರೂಮಿನವರೆಗೆ ನಡೆಯಿರಿ. ‘ಸಾರ್, ಏನೂ ಅರ್ಥ ಆಗಲಿಲ್ಲ’ ಅನ್ನಬೇಡಿ. ಹಾಗಂದರೆ ಯಾರಿಗೂ ಎಲ್ಲಿಂದ ಶುರು ಮಾಡಬೇಕು ತಿಳಿಯುವುದಿಲ್ಲ. ‘ಸಾರ್, ಇಲ್ಲಿಯವರೆಗೆ ಅರ್ಥ ಆಯಿತು, ಈ ಮೂರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಹೇಗೆ ಬಂದಿರಿ ಅಂತ ತಿಳಿಯಲಿಲ್ಲ’ ಅನ್ನಿ. ಹಾಗೆ ಕೇಳಿದವನನ್ನು ನೋಡಿ ನಗುವ ಮೇಷ್ಟರು ಬಹಳ ಕಡಿಮೆ. ಹೇಳಿಕೊಡುವವರೇ ಹೆಚ್ಚು. ಒಬ್ಬರು ಹೇಳಲಿಲ್ಲವೇ? ಇನ್ನೊಬ್ಬರನ್ನು ಕೇಳಿ. ಕೇಳುವುದನ್ನು ನಿಲ್ಲಿಸಬೇಡಿ.

ಇನ್ನು ಓದುವ ರೀತಿ. ಇಲ್ಲಿ ನನ್ನ ಕಸುಬಿನ ಮಾತು ಹೇಳಲೇಬೇಕು.

ನಮ್ಮಪ್ಪನ ಕಾಲದಲ್ಲಿ ಅಚ್ಚುಮೊಳೆ ಕೈಯಲ್ಲಿ ಜೋಡಿಸಬೇಕಿತ್ತು. ಕನ್ನಡದ ಕೇಸು ಎಂದರೆ ಸಾಮಾನ್ಯವಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಖಾನೆ. ಯಾವ ಖಾನೆಯಲ್ಲಿ ಯಾವ ಅಕ್ಷರ ಅಂತ ಅದರ ಮೇಲೆ ಬರೆದಿರುವುದಿಲ್ಲ. ಮೊಳೆಯ ಮೇಲಿನ ಅಕ್ಷರವೋ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಆದರೂ ಹಳೆಯ ಕಂಪೋಸಿಟರ್‌ಗಳು ಕಣ್ಣನ್ನು ಕಾಗದದ ಮೇಲಿಟ್ಟು ಕೈಯಲ್ಲಿ ಮೊಳೆ ಹೆಕ್ಕುತ್ತಿದ್ದರು. ನಾನು ಚಿಕ್ಕವನಿದ್ದಾಗ ಕೇಳಿದೆ, ‘ಇದನ್ನೆಲ್ಲ ಹೇಗೆ ಬಾಯಿಪಾಠ ಮಾಡಿದ್ರಿ?’ ಅಂತ. ‘ಬಾಯಿಪಾಠ ಎಲ್ಲಿ ಮಾಡಿದ್ವಿ? ದಿನಾ ಹುಡುಕಿದ್ವಿ, ತಪ್ಪು ಖಾನೆಗೆ ಕೈ ಹಾಕಿದ್ವಿ, ಬೈಸಿಕೊಂಡ್ವಿ, ಮತ್ತೆ ಹುಡುಕಿದ್ವಿ’ ಅಂದರು.

ಕಲಿಯುವುದರ ಗುಟ್ಟು ಪೂರಾ ಅದೇ! ಕೇಸನ್ನು ನೋಡುತ್ತಾ ಕೂತವನಿಗೆ ಕೇಸು ಬರುವುದಿಲ್ಲ. ಹುಡುಕಿದವನಿಗೆ ಬರುತ್ತದೆ. ಪುಸ್ತಕವನ್ನು ಹತ್ತು ಸಲ ನೋಡಿದರೆ ಪಾಠ ಬರುವುದಿಲ್ಲ. ಮುಚ್ಚಿಟ್ಟು ತಲೆಯಲ್ಲಿ ಹುಡುಕಿದರೆ ಬರುತ್ತದೆ.

ಇದು ಪ್ರೆಸ್ಸಿನವನ ಮಾತು ಅಂತ ತಳ್ಳಿಹಾಕಬೇಡಿ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕಿ ಎಂಬಿಬ್ಬರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದರು. ಒಂದು ಸಣ್ಣ ಪಾಠ ಕೊಟ್ಟರು. ಅದನ್ನು ಎರಡೆರಡು ಸಲ ಓದಿದ್ದು ಒಂದು ಬಗೆ. ಒಂದು ಸಲ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆದದ್ದು ಇನ್ನೊಂದು ಬಗೆ. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಸ್ವಲ್ಪ ಮುಂದಿದ್ದರು. ಆದರೆ ಒಂದು ವಾರ ಬಿಟ್ಟು ಕೇಳಿದರೆ? ಬರೀ ಓದಿದವರಿಗೆ ಶೇಕಡ 42ರಷ್ಟು ನೆನಪಿತ್ತು. ಮುಚ್ಚಿಟ್ಟು ಬರೆದವರಿಗೆ ಶೇಕಡ 56.

ಇದರಲ್ಲಿ ಒಂದು ಮೋಸ ಇದೆ, ಗಮನಿಸಿ. ಮತ್ತೆ ಮತ್ತೆ ಓದಿದಾಗ ಸಲೀಸಾಗಿ ಸಾಗುತ್ತದೆ. ‘ಆಹಾ, ಎಲ್ಲ ಗೊತ್ತು’ ಅನ್ನಿಸುತ್ತದೆ. ಮುಚ್ಚಿಟ್ಟು ಬರೆಯುವಾಗ ತಿಣುಕಬೇಕು, ಅರ್ಧ ಬರುವುದಿಲ್ಲ, ‘ಅಯ್ಯೋ ನನಗೇನೂ ಗೊತ್ತಿಲ್ಲ’ ಅನ್ನಿಸುತ್ತದೆ. ಅದಕ್ಕೇ ಎಲ್ಲರೂ ಸಲೀಸಾದ ದಾರಿ ಹಿಡಿಯುತ್ತಾರೆ. ಆದರೆ ಆ ತಿಣುಕಾಟವೇ ಕಲಿಕೆ.

ಇದಕ್ಕೂ ಮೊದಲು 1885ರಲ್ಲೇ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಎಂಬಾತ ಮರೆವಿನ ಲೆಕ್ಕ ಬರೆದಿಟ್ಟಿದ್ದ. ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಮಾಡಿಕೊಂಡು ತನ್ನ ಮೇಲೇ ಪ್ರಯೋಗ ಮಾಡಿದ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿ, ಮೊದಲ ದಿನದಲ್ಲಿ ಸರ್ರನೆ ಸೋರಿಹೋಗುತ್ತದೆ, ಆಮೇಲೆ ನಿಧಾನವಾಗಿ ಸೋರುತ್ತದೆ ಅಂತ ಕಂಡುಕೊಂಡ. ಒಂದೇ ಸಲ ಕೂತು ಉರು ಹೊಡೆಯುವುದಕ್ಕಿಂತ ಬಿಟ್ಟು ಬಿಟ್ಟು ದಿನಗಳ ಮೇಲೆ ಹಂಚಿಕೊಂಡರೆ ಕಡಿಮೆ ಶ್ರಮ ಸಾಕು ಎಂಬುದನ್ನೂ ಕಂಡ.

ಹಾಗಾದರೆ ನೀವೇನು ಮಾಡಬೇಕು? ಇವತ್ತು ಕ್ಲಾಸಿನಲ್ಲಿ ಆದ ಪಾಠವನ್ನು ಇವತ್ತು ರಾತ್ರಿಯೇ, ನೋಟ್ಸ್ ಮುಚ್ಚಿಟ್ಟು, ಒಂದು ಹಾಳೆಯ ಮೇಲೆ ಬರೆಯಿರಿ. ಹದಿನೈದು ನಿಮಿಷ. ಆಮೇಲೆ ನೋಟ್ಸ್ ತೆಗೆದು ಬಿಟ್ಟಿದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಮೂರನೇ ದಿನ ಮತ್ತೊಮ್ಮೆ. ವಾರಕ್ಕೊಮ್ಮೆ. ತಿಂಗಳಿಗೊಮ್ಮೆ. ಹಾಳೆಗೆ ದುಡ್ಡಿಲ್ಲವೇ? ನಿಮ್ಮ ಏರಿಯಾದ ಯಾವ ಪ್ರೆಸ್ಸಿಗಾದರೂ ಹೋಗಿ ಕೇಳಿ. ಒಂದು ಕಡೆ ಅಚ್ಚಾಗಿ ಕೆಟ್ಟುಹೋದ ಹಾಳೆ ಎಲ್ಲರ ಹತ್ತಿರವೂ ಮೂಟೆಗಟ್ಟಲೆ ಇರುತ್ತದೆ. ನಮ್ಮಲ್ಲಿಗೆ ಬಂದರಂತೂ ಟೀ ಕುಡಿಸಿ ಕೊಡುತ್ತೇನೆ!

ಮೂರನೆಯದು ಪ್ರೂಫ್. ನಮ್ಮಲ್ಲಿ ಯಾವ ಕೆಲಸವನ್ನೂ ಒಂದೇ ಸಲಕ್ಕೆ ಮಷಿನ್ನಿಗೆ ಏರಿಸುವುದಿಲ್ಲ. ಮೊದಲ ಪ್ರೂಫ್ ತೆಗೆಯುತ್ತೇವೆ. ಅದರ ತುಂಬ ತಪ್ಪು. ಯಾರೂ ಅಳುವುದಿಲ್ಲ. ತಪ್ಪು ಕಾಣಲಿ ಅಂತಲೇ ಅದನ್ನು ತೆಗೆಯುವುದು. ತಿದ್ದಿ ಎರಡನೇ ಪ್ರೂಫ್, ಆಮೇಲೆ ಅಚ್ಚು. ತಪ್ಪು ಪ್ರೂಫಿನಲ್ಲಿ ಸಿಕ್ಕರೆ ಹತ್ತು ಪೈಸೆ ನಷ್ಟ. ಸಾವಿರ ಲಗ್ನಪತ್ರಿಕೆ ಅಚ್ಚಾದ ಮೇಲೆ ಹುಡುಗಿಯ ಹೆಸರು ತಪ್ಪಿದೆ ಅಂತ ಗೊತ್ತಾದರೆ? ಅನುಭವಿಸಿದ್ದೇನೆ, ಹೇಳಲಾರೆ.

ಕಾಲೇಜಿನ ಟೆಸ್ಟು ನಿಮ್ಮ ಮೊದಲ ಪ್ರೂಫ್. ಟೆಸ್ಟಿನ ಪೇಪರ್ ಕೈಗೆ ಬಂದ ಕೂಡಲೇ ಅಂಕ ನೋಡಿ ಮಡಚಿ ಬ್ಯಾಗಿಗೆ ಹಾಕುತ್ತೀರಲ್ಲ, ಅದು ಪ್ರೂಫ್ ಓದದೆ ಅಚ್ಚು ಹಾಕಿದ ಹಾಗೆ. ಕೂತು ಓದಿ. ಪ್ರತಿ ತಪ್ಪಿಗೂ ಕಾರಣ ಬರೆಯಿರಿ. ವಿಷಯವೇ ಗೊತ್ತಿರಲಿಲ್ಲವೇ? ಪ್ರಶ್ನೆಯ ಇಂಗ್ಲಿಷ್ ಅರ್ಥವಾಗಲಿಲ್ಲವೇ? ಗೊತ್ತಿದ್ದೂ ಕೂಡುವುದರಲ್ಲಿ ತಪ್ಪಿತೇ? ಸಮಯ ಸಾಲಲಿಲ್ಲವೇ? ನಾಲ್ಕು ರೋಗಕ್ಕೆ ನಾಲ್ಕು ಮದ್ದು. ‘ನನಗೆ ಫಿಸಿಕ್ಸ್ ಬರಲ್ಲ’ ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ ಯಾವ ಮದ್ದೂ ಇಲ್ಲ.

ಇನ್ನೊಂದು ಮಾತು. ತಾನು ಜೋಡಿಸಿದ್ದರ ಪ್ರೂಫನ್ನು ತಾನೇ ನೋಡಿದರೆ ತಪ್ಪು ಕಾಣುವುದಿಲ್ಲ. ಕಣ್ಣು ತನಗೆ ಬೇಕಾದ್ದನ್ನು ಓದಿಕೊಂಡು ಹೋಗುತ್ತದೆ. ಅದಕ್ಕೇ ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಪ್ರೂಫ್ ನೋಡುತ್ತಾರೆ. ನೀವೂ ಒಬ್ಬ ಜೊತೆಗಾರನನ್ನು ಹುಡುಕಿಕೊಳ್ಳಿ. ಅವನ ಉತ್ತರ ನೀವು ತಿದ್ದಿ, ನಿಮ್ಮದು ಅವನು ತಿದ್ದಲಿ. ಅವನಿಗೆ ನೀವು ಪಾಠ ಹೇಳಿ. ಹೇಳಲು ಹೊರಟಾಗಲೇ ಎಲ್ಲಿ ಗೊತ್ತಿಲ್ಲ ಅಂತ ಗೊತ್ತಾಗುವುದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ತಮ್ಮ ಖರ್ಚು ನೋಡಿಕೊಂಡರು. 1881ರಲ್ಲಿ ಬಿ.ಎ. ಮುಗಿಸಿದರು. ಇನ್ನೊಬ್ಬರಿಗೆ ಹೇಳಿಕೊಟ್ಟಿದ್ದು ನಷ್ಟವಾಗುವುದಿಲ್ಲ.

ಓದಲು ಜಾಗವಿಲ್ಲ ಅನ್ನುತ್ತೀರಿ. ನನಗೆ ಗೊತ್ತು. ಒಂದು ಕೋಣೆಯ ಮನೆ, ಟಿವಿ, ಪಕ್ಕದಲ್ಲಿ ತಮ್ಮನ ಗಲಾಟೆ. ಸಾರ್ವಜನಿಕ ಗ್ರಂಥಾಲಯಗಳು ಯಾರಿಗೆ ಇರುವುದು? ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೇಂದ್ರ ಗ್ರಂಥಾಲಯ, ನಮ್ಮದೇ. ನಿಮ್ಮ ಬಡಾವಣೆಯ ಶಾಖಾ ಗ್ರಂಥಾಲಯವೂ ನಮ್ಮದೇ. ಹೋಗಿ ಕೂತುಕೊಳ್ಳಿ. ದಿನಾ ಒಂದೇ ಹೊತ್ತು, ಒಂದೇ ಜಾಗ. ಮೊಬೈಲನ್ನು ಮನೆಯಲ್ಲಿ ಅಮ್ಮನ ಕೈಗೆ ಕೊಟ್ಟು ಹೋಗಿ. ಜೇಬಿನಲ್ಲಿಟ್ಟುಕೊಂಡು ‘ನೋಡಲ್ಲ’ ಅನ್ನಬೇಡಿ. ನಾನೇ 46ರ ವಯಸ್ಸಿನಲ್ಲಿ ನೋಡದೆ ಇರಲಾರೆ, ನೀವು ಹದಿನಾರರಲ್ಲಿ ಇರುತ್ತೀರಾ? ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ಶೂರತನ ಬೇಡ. ನಿದ್ದೆಯಲ್ಲಿ ಮಿದುಳು ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುತ್ತದೆ. ನಿದ್ದೆ ಕೆಡಿಸಿದರೆ ಬಿತ್ತಿದ್ದನ್ನು ನಾವೇ ಕೆದಕಿದ ಹಾಗೆ.

ಈಗ ಸ್ವಲ್ಪ ಕಹಿ ಮಾತು. ಸಿಟ್ಟಾಗಬೇಡಿ.

ನಮ್ಮ ಹುಡುಗರಲ್ಲಿ ಕೆಲವರು ಹೇಳುತ್ತಾರೆ, ‘ಅಣ್ಣಾವ್ರು ಎಷ್ಟು ಓದಿದ್ದರು?’ ಅಂತ. ಸರಿ, ಡಾ. ರಾಜ್ ಶಾಲೆಯಲ್ಲಿ ಹೆಚ್ಚು ಓದಲಿಲ್ಲ. ಆದರೆ ಸುಮ್ಮನೆ ಕೂತಿದ್ದರೇ? ಚಿಕ್ಕ ವಯಸ್ಸಿನಿಂದ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಮಾತು, ಹಾಡು, ನಡಿಗೆ ಎಲ್ಲ ತಾಲೀಮು ಮಾಡಿದರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬರುವ ಹೊತ್ತಿಗೆ ಅವರ ಹಿಂದೆ ವರ್ಷಗಟ್ಟಲೆ ರಂಗದ ದುಡಿಮೆ ಇತ್ತು. ಅವರ ಕನ್ನಡ ಅಷ್ಟು ಸ್ಪಷ್ಟವಾಗಿದ್ದು ಸುಮ್ಮನೆ ಅಲ್ಲ. ಅಣ್ಣಾವ್ರ ಫೋಟೋ ಆಟೋ ಹಿಂದೆ ಅಂಟಿಸುವುದು ಸುಲಭ. ಅವರ ತಾಲೀಮನ್ನು ಮೈಗೆ ಅಂಟಿಸಿಕೊಳ್ಳಬೇಕು.

ಇನ್ನು ಕೆಲವರು ನವೆಂಬರ್ ತಿಂಗಳಿಡೀ ಬಾವುಟ ಹಿಡಿದು ಓಡಾಡುತ್ತಾರೆ, ಮಾರ್ಚಿಯಲ್ಲಿ ಫೇಲಾಗುತ್ತಾರೆ. ಬಾವುಟ ಹಿಡಿಯಿರಿ, ಬೇಡ ಅನ್ನುವುದಿಲ್ಲ. ಆ ಬಾವುಟಗಳ ಜೊತೆ ಹಂಚುವ ಕರಪತ್ರ ಅಚ್ಚು ಹಾಕುವವನೇ ನಾನು! ಆದರೆ ಬ್ಯಾಂಕಿನಲ್ಲಿ ಕನ್ನಡ ಇಲ್ಲ ಅಂತ ಕೂಗುತ್ತೇವೆ. ಆ ಕೌಂಟರಿನ ಹಿಂದೆ ಕೂರಬೇಕಾದವನು ಪರೀಕ್ಷೆ ಕಟ್ಟಲೇ ಇಲ್ಲವಲ್ಲ? ಕೂಗಿ ಕೂಗಿ ಬಾಗಿಲು ತೆರೆಸಬಹುದು. ಒಳಗೆ ಹೋಗಲು ಓದಬೇಕು. 2017ರಿಂದ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. 2021ರಿಂದ ಎಂಜಿನಿಯರಿಂಗಿನ ಜೆಇಇ ಮೇನ್ ಕೂಡ ಕನ್ನಡದಲ್ಲಿ ಬಂದಿದೆ. ಬಾಗಿಲು ಅಷ್ಟಾದರೂ ತೆರೆದಿದೆ. ಒಳಗೆ ಹೆಜ್ಜೆ ಇಡುವವರು ಬೇಕು.

ಕೊನೆಗೆ ಒಬ್ಬ ಹುಡುಗನ ಮಾತು ಹೇಳಿ ಮುಗಿಸುತ್ತೇನೆ. ಅವನ ಹೆಸರು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳುತ್ತಾನೆ. ಅಪ್ಪ ಆಟೋ ಓಡಿಸುತ್ತಾರೆ. ಕಳೆದ ವರ್ಷ ಕನ್ನಡ ಮಾಧ್ಯಮದಿಂದ ಬಂದು ಪಿಯುಸಿ ವಿಜ್ಞಾನ ಸೇರಿದ. ಸಂಜೆ ನಮ್ಮ ಪ್ರೆಸ್ಸಿನಲ್ಲಿ ಹಾಳೆ ಮಡಚುವ, ಬೈಂಡಿಂಗ್ ಮಾಡುವ ಕೆಲಸ. ಒಂದು ದಿನ ಬಂದು, ‘ಅಣ್ಣಾ, ನನ್ನನ್ನು ಫುಲ್ ಟೈಮ್ ಇಟ್ಕೊಳ್ಳಿ, ಕಾಲೇಜು ಬಿಡ್ತೀನಿ’ ಅಂದ. ಟೆಸ್ಟಿನಲ್ಲಿ ಭೌತಶಾಸ್ತ್ರಕ್ಕೆ 25ಕ್ಕೆ 4 ಬಂದಿತ್ತು. ಯಾರ ಹತ್ತಿರವೂ ಮಾತಾಡಿರಲಿಲ್ಲ. ಕೂತಿದ್ದು ಎಲ್ಲಿ ಅಂತ ಕೇಳಿದೆ. ‘ಕೊನೇ ಬೆಂಚು’ ಅಂದ.

ನನಗೆ ಕಣ್ಣು ತುಂಬಿ ಬಂತು. ಎದುರಿಗೆ ನಿಂತಿದ್ದವನು ಅವನಲ್ಲ, 1995ರ ನಾನು. ಕೆಲಸಕ್ಕೆ ನನಗೂ ಆಳು ಬೇಕಿತ್ತು. ‘ಆಯ್ತು’ ಅಂದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ನಾನು ಫೇಲಾಗಿ ಪ್ರೆಸ್ಸಿನಲ್ಲಿ ಕೂತ ದಿನ ನಮ್ಮಪ್ಪ ಅಳುವುದನ್ನು ಮೊದಲ ಸಲ ನೋಡಿದ್ದೆ. ಇನ್ನೊಬ್ಬ ಅಪ್ಪನಿಗೆ ಅದನ್ನು ಮಾಡಲು ಮನಸ್ಸಾಗಲಿಲ್ಲ. ‘ಆ ಟೆಸ್ಟ್ ಪೇಪರ್ ತಗೊಂಡು ಬಾ’ ಅಂದೆ.

ಪ್ರೂಫ್ ನೋಡುವ ಮೇಜಿನ ಮೇಲೆ ಹಾಸಿಕೊಂಡು ಕೂತೆವು. ನನಗೆ ಭೌತಶಾಸ್ತ್ರ ಮರೆತುಹೋಗಿದೆ. ಆದರೆ ತಪ್ಪು ಹುಡುಕಲು ಬರುತ್ತದಲ್ಲ! ಆರು ಪ್ರಶ್ನೆಗಳಲ್ಲಿ ಮೂರರ ಉತ್ತರ ಅವನಿಗೆ ಕನ್ನಡದಲ್ಲಿ ಗೊತ್ತಿತ್ತು. ಬಾಯಲ್ಲಿ ಪಟಪಟ ಹೇಳಿದ. ಪ್ರಶ್ನೆ ಏನು ಕೇಳಿದೆ ಅಂತ ತಿಳಿಯದೆ ಬಿಟ್ಟಿದ್ದ ಅಷ್ಟೇ. ಅವತ್ತಿನಿಂದ ಎರಡು ಕಾಲಂ ನೋಟ್ ಬುಕ್ ಶುರುವಾಯಿತು. ದಿನಾ ಕೆಲಸಕ್ಕೆ ಮೊದಲು ಕೆಟ್ಟ ಹಾಳೆಯ ಹಿಂದೆ ಅವತ್ತಿನ ಪಾಠ ಬರೆದು ನನಗೆ ಕನ್ನಡದಲ್ಲಿ ಹೇಳಬೇಕು. ನನಗೆ ಅರ್ಥವಾಗುವವರೆಗೆ ಹೇಳಬೇಕು. ಮುಂದಿನ ಟೆಸ್ಟಿಗೆ 11, ಅದರ ಮುಂದಿನದಕ್ಕೆ 16. ಈಗ ಎರಡನೇ ಪಿಯುಸಿ. ರ‍್ಯಾಂಕ್ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಏನಾಗುತ್ತದೋ ನೋಡೋಣ. ಆದರೆ ಕೊನೇ ಬೆಂಚು ಬಿಟ್ಟಿದ್ದಾನೆ. ಮೊನ್ನೆ ಕ್ಲಾಸಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದನಂತೆ. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ‘ಯಾರಾದರೂ ನಕ್ಕರೇನೋ?’ ಅಂದೆ. ‘ನಕ್ಕರು ಅಣ್ಣಾ, ಆದ್ರೆ ಉತ್ತರ ಸಿಕ್ತು’ ಅಂದ.

ಗೆಳೆಯರೇ, ನಾನು ಎರಡು ವರ್ಷದಲ್ಲಿ ಕಲಿಯದ ಪಾಠವನ್ನು ಆ ಹುಡುಗ ಒಂದೇ ಮಾತಿನಲ್ಲಿ ಹೇಳಿದ. ನಗುವವರು ನಗಲಿ. ನಿಮಗೆ ಬೇಕಾದ್ದು ಉತ್ತರ.

ಇವತ್ತು ಇಲ್ಲಿಂದ ಮನೆಗೆ ಹೋದ ಮೇಲೆ ಒಂದೇ ಕೆಲಸ ಮಾಡಿ. ನಾಳೆಗೆ ಹಾಕಬೇಡಿ. ಇವತ್ತಿನ ಒಂದು ಪಾಠ ತೆಗೆದುಕೊಳ್ಳಿ, ಪುಸ್ತಕ ಮುಚ್ಚಿ, ಒಂದು ಹಾಳೆಯ ಮೇಲೆ ನಿಮಗೆ ಗೊತ್ತಿರುವಷ್ಟು ಕನ್ನಡದಲ್ಲಿ ಬರೆಯಿರಿ. ತಪ್ಪು ಬರಲಿ. ಅದು ಮೊದಲ ಪ್ರೂಫ್. ತಿದ್ದಲು ಇಡೀ ವರ್ಷ ಇದೆ.

ನಿಮಗೆಲ್ಲ ಒಳ್ಳೆಯದಾಗಲಿ.